ಶಕ್ತಿಗೆ ಮುನ್ನ ತಾಳಿಕೆ: ಡೀಸೆಲ್ ಪಿಕಪ್‌ನ ಗೇರ್‌ಬಾಕ್ಸ್ ಹೇಳುವ ಪಾಠ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಹಣಕಾಸಿನ ವಿಚಾರದಲ್ಲಿ ನೆನೆಯುವುದು ವಾಡಿಕೆ. ಯಂತ್ರಗಳ ವಿಷಯದಲ್ಲಿಯೂ ಈ ಮಾತು ಅಷ್ಟೇ ಸತ್ಯವೆಂಬುದಕ್ಕೆ ಅಮೆರಿಕದ ಡೀಸೆಲ್ ಪಿಕಪ್ ವಾಹನಗಳ ಅನುಭವ ಉತ್ತಮ ನಿದರ್ಶನವಾಗಿದೆ. ಅಲ್ಲಿನ ರೈತನಿಗೆ, ದನಕರುಗಳನ್ನು ಸಾಗಿಸುವವನಿಗೆ, ಸಣ್ಣ ಕಟ್ಟಡ ಗುತ್ತಿಗೆದಾರನಿಗೆ, ಹಿಂದೆ ಟ್ರೇಲರ್ ಕಟ್ಟಿಕೊಂಡು ಬಾಡಿಗೆಗೆ ಸರಕು ಒಯ್ಯುವವನಿಗೆ ಪಿಕಪ್ ಎಂಬುದು ದುಡಿಮೆಯ ಬಂಡವಾಳ. ಆದರೆ ಈ ಬಂಡವಾಳವನ್ನು ವೃದ್ಧಿಪಡಿಸಲು ಹೊರಡುವವರಲ್ಲಿ ಅನೇಕರು ಮೊದಲು ಎಂಜಿನ್‌ನ ಶಕ್ತಿಯನ್ನು ಹೆಚ್ಚಿಸುತ್ತಾರೆ; ಆ ಶಕ್ತಿಯನ್ನು ಚಕ್ರಗಳಿಗೆ ತಲುಪಿಸಬೇಕಾದ ಸ್ವಯಂಚಾಲಿತ ಗೇರ್‌ಬಾಕ್ಸನ್ನು ಅದು ಕೆಟ್ಟು ನಿಂತ ದಿನವಷ್ಟೇ ನೆನೆಯುತ್ತಾರೆ. ಈ ಕ್ರಮ ತಲೆಕೆಳಗಾದುದು. ಗೇರ್‌ಬಾಕ್ಸ್ ಮೊದಲು, ಶಕ್ತಿ ಅನಂತರ ಎಂಬುದೇ ಸರಿಯಾದ ಕ್ರಮ. ಈ ಕ್ರಮವನ್ನು ಗ್ರಾಹಕನಿಗೆ ತಿಳಿಸಿ ಹೇಳುವ ಹೊಣೆ ಬಿಡಿಭಾಗ ಮಾರುವವನದು ಹಾಗೂ ದುರಸ್ತಿ ಮಾಡುವವನದು.

ತಯಾರಕರೇ ಒಪ್ಪಿಕೊಂಡ ಮಿತಿ

ಡಾಡ್ಜ್ ರಾಮ್ ಪಿಕಪ್‌ಗೆ ಕಮಿನ್ಸ್ ಸಂಸ್ಥೆಯ 5.9 ಲೀಟರ್‌ನ ಆರು ಸಿಲಿಂಡರ್ ಡೀಸೆಲ್ ಎಂಜಿನ್ ದೊರೆತದ್ದು 1989ರ ಮಾದರಿಯಲ್ಲಿ. ಅದರ ಶಕ್ತಿ 160 ಅಶ್ವಶಕ್ತಿ. ಟಾರ್ಕ್ ಎಂದು ಕರೆಯಲಾಗುವ ತಿರುಗಿಸುವ ಬಲ ಸುಮಾರು 542 ನ್ಯೂಟನ್ ಮೀಟರ್. ಈ ಎಂಜಿನ್ ಸ್ವಭಾವತಃ ದುಡಿಮೆಯ ಎಂಜಿನ್. ಕಡಿಮೆ ವೇಗದಲ್ಲಿಯೇ ತನ್ನ ಪೂರ್ಣ ಬಲವನ್ನು ನೀಡುವಂಥದು. ಇದಕ್ಕೆ ಜೋಡಿಸಲಾದ ಸ್ವಯಂಚಾಲಿತ ಗೇರ್‌ಬಾಕ್ಸ್ ಮಾತ್ರ 1962ರಲ್ಲಿ ಪೆಟ್ರೋಲ್ ವಾಹನಗಳಿಗಾಗಿ ಬಂದ ಟಾರ್ಕ್‌ಫ್ಲೈಟ್ 727 ಎಂಬ ವಿನ್ಯಾಸದ ಸಂತತಿ. ಅದೇ ವಿನ್ಯಾಸವನ್ನು ತಿದ್ದಿ, ನಾಲ್ಕನೆಯ ಗೇರ್ ಸೇರಿಸಿ, 1996ರಿಂದ 2002ರವರೆಗೆ 47ಆರ್‌ಇ ಎಂಬ ಹೆಸರಿನಲ್ಲಿಯೂ 2003ರಿಂದ 2007ರವರೆಗೆ 48ಆರ್‌ಇ ಎಂಬ ಹೆಸರಿನಲ್ಲಿಯೂ ಬಳಸಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 1996ರಲ್ಲಿ ಇದೇ ಎಂಜಿನ್ ಕೈಗೇರಿನ ವಾಹನದಲ್ಲಿ 215 ಅಶ್ವಶಕ್ತಿ ಹಾಗೂ ಸುಮಾರು 597 ನ್ಯೂಟನ್ ಮೀಟರ್ ನೀಡುತ್ತಿತ್ತು. ಸ್ವಯಂಚಾಲಿತ ಗೇರ್‌ಬಾಕ್ಸ್ ಇರುವ ವಾಹನದಲ್ಲಿ 180 ಅಶ್ವಶಕ್ತಿ ಹಾಗೂ ಸುಮಾರು 569 ನ್ಯೂಟನ್ ಮೀಟರ್ ಮಾತ್ರ. 2001ರಲ್ಲಿ ಬಂದ 245 ಅಶ್ವಶಕ್ತಿಯ ಅಧಿಕ ಸಾಮರ್ಥ್ಯದ ಎಂಜಿನ್ ಆರು ಗೇರಿನ ಕೈಗೇರ್‌ಬಾಕ್ಸ್‌ನೊಡನೆ ಮಾತ್ರ ದೊರೆಯುತ್ತಿತ್ತು. ತಯಾರಕರೇ ಹಾಸಿಗೆಯನ್ನು ಅಳೆದು ಎಂಜಿನ್‌ನ ಕಾಲನ್ನು ಮಡಿಸಿದ್ದರೆಂಬುದು ಇದರಿಂದ ಸ್ಪಷ್ಟ. 2004ರ ವೇಳೆಗೆ 48ಆರ್‌ಇ ಜೊತೆಯಲ್ಲಿಯೇ 325 ಅಶ್ವಶಕ್ತಿ ಹಾಗೂ ಸುಮಾರು 813 ನ್ಯೂಟನ್ ಮೀಟರ್ ನೀಡುವ ಎಂಜಿನ್ ಬಂದಿತಾದರೂ, ಅದಕ್ಕೆ ಮುನ್ನ ಗೇರ್‌ಬಾಕ್ಸ್‌ನ ಒಳಭಾಗಗಳನ್ನು ಬಲಪಡಿಸಬೇಕಾಯಿತು.

ಇಂತಹ ವಾಹನವನ್ನು ಕೊಂಡ ಮಾಲೀಕನ ಮುಂದೆ ಮಾರುಕಟ್ಟೆಯು ಎಂಜಿನ್‌ನ ಇಂಧನ ಪೂರೈಕೆಯನ್ನು ಹೆಚ್ಚಿಸುವ ಒಂದು ಸಣ್ಣ ವಿದ್ಯುನ್ಮಾನ ಪೆಟ್ಟಿಗೆಯನ್ನು ತಂದಿಟ್ಟಿತು. ಬೆಲೆ ಕೆಲವು ನೂರು ಡಾಲರ್; ಜೋಡಿಸಲು ಬೇಕಾದ ಸಮಯ ಅತ್ಯಲ್ಪ. ಅರ್ಧ ದಿನದೊಳಗೆ 60ರಿಂದ 100 ಅಶ್ವಶಕ್ತಿ ಅಧಿಕ! ತಯಾರಕರು ಯಾವ ಕಾರಣಕ್ಕಾಗಿ ಶಕ್ತಿಯನ್ನು ತಡೆಹಿಡಿದಿದ್ದರೋ ಆ ಕಾರಣವನ್ನು ಕೇಳುವ ವ್ಯವಧಾನ ಕೊಂಡವನಿಗೂ ಇರಲಿಲ್ಲ, ಮಾರಿದವನಿಗೂ ಇರಲಿಲ್ಲ.

ಸವೆತದ ಮೂಲ

ಕೈಗೇರಿನ ವಾಹನದಲ್ಲಿ ಕ್ಲಚ್ ಜಾರಿದರೆ ಚಾಲಕನಿಗೆ ಕೂಡಲೇ ತಿಳಿಯುತ್ತದೆ. ಸ್ವಯಂಚಾಲಿತ ಗೇರ್‌ಬಾಕ್ಸ್‌ನಲ್ಲಿ ಹಾಗಲ್ಲ. ಎಂಜಿನ್ ಹಾಗೂ ಗೇರುಗಳ ನಡುವೆ ಟಾರ್ಕ್ ಕನ್ವರ್ಟರ್ ಎಂಬ, ತೈಲ ತುಂಬಿದ ಗುಂಡು ಕೋಶವಿರುತ್ತದೆ. ಎಂಜಿನ್ ತಿರುಗಿಸುವ ರೆಕ್ಕೆಗಳು ತೈಲವನ್ನು ತಳ್ಳುತ್ತವೆ. ಆ ತೈಲದ ರಭಸಕ್ಕೆ ಎದುರಿನ ರೆಕ್ಕೆಗಳು ತಿರುಗುತ್ತವೆ. ವಾಹನ ನಿಂತಲ್ಲಿಂದ ಹೊರಡುವಾಗ ಈ ಕೋಶ ಟಾರ್ಕನ್ನು ಸುಮಾರು ಎರಡರಷ್ಟು ಹೆಚ್ಚಿಸುತ್ತದೆ. ಆದರೆ ತೈಲದ ಈ ಜಾರುವಿಕೆಯಿಂದ ಶಾಖ ಹುಟ್ಟುತ್ತದೆ. ಆದುದರಿಂದ ವೇಗ ಬಂದ ಮೇಲೆ ಕೋಶದೊಳಗಿನ ಲಾಕಪ್ ಕ್ಲಚ್ ಎರಡು ಬದಿಗಳನ್ನೂ ಬಿಗಿದು ಒಂದಾಗಿಸುತ್ತದೆ.

ಈ ಲಾಕಪ್ ಕ್ಲಚ್ ಮೂಲ ವಾಹನದಲ್ಲಿ ಒಂದೇ ಘರ್ಷಣಾ ತಟ್ಟೆಯದು. ಅದು ಎಷ್ಟು ಟಾರ್ಕನ್ನು ಹಿಡಿದಿಡಬಲ್ಲದೆಂಬುದು ತೈಲದ ಒತ್ತಡ, ಘರ್ಷಣೆಯ ಗುಣ, ತಟ್ಟೆಯ ತ್ರಿಜ್ಯ ಹಾಗೂ ಘರ್ಷಿಸುವ ಮೇಲ್ಮೈಗಳ ಸಂಖ್ಯೆ ಎಂಬ ನಾಲ್ಕು ಅಂಶಗಳ ಮೇಲೆ ನಿಂತಿದೆ. ಎಂಜಿನ್‌ನ ಬಲ ಮಾತ್ರ ಹೆಚ್ಚಿ ಈ ನಾಲ್ಕೂ ಇದ್ದಲ್ಲಿಯೇ ಇದ್ದರೆ ತಟ್ಟೆ ಜಾರದೆ ವಿಧಿಯಿಲ್ಲ. ಭಾರ ತುಂಬಿದ ಟ್ರೇಲರ್ ಎಳೆಯುತ್ತ ಏರು ಹತ್ತುವಾಗ ಈ ಜಾರುವಿಕೆ ಚಾಲಕನಿಗೆ ಅರಿವಾಗುವುದು ಕಷ್ಟ. ತಟ್ಟೆಯ ಚೂರ್ಣ ತೈಲದೊಡನೆ ಗೇರ್‌ಬಾಕ್ಸ್‌ನ ಮೂಲೆ ಮೂಲೆಗೂ ತಲುಪಿ ಕವಾಟಗಳ ಚಲನೆಗೆ ತಡೆಯೊಡ್ಡುತ್ತದೆ; ಒತ್ತಡ ತಗ್ಗಿ ಒಳಗಿನ ಇತರ ಕ್ಲಚ್ಚುಗಳೂ ಪಟ್ಟಿಗಳೂ ಜಾರತೊಡಗುತ್ತವೆ. ತೈಲದ ಶಾಖ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಈ ಕಸುಬಿನವರು ಪಾಲಿಸುತ್ತ ಬಂದಿರುವ ಸ್ಥೂಲ ನಿಯಮ. ಕೊನೆಗೊಂದು ದಿನ, ದನ ತುಂಬಿದ ಟ್ರೇಲರ್ ಸಹಿತ, ವಾಹನ ಹೆದ್ದಾರಿಯ ಬದಿಯಲ್ಲಿ ನಿಲ್ಲುತ್ತದೆ. ಕೆಲವು ನೂರು ಡಾಲರಿನ ಪೆಟ್ಟಿಗೆ ಕೆಲವು ಸಾವಿರ ಡಾಲರಿನ ಗೇರ್‌ಬಾಕ್ಸನ್ನು ನುಂಗಿರುತ್ತದೆ. ವಾಹನ ನಿಂತಷ್ಟು ದಿನದ ಸಂಪಾದನೆಯ ನಷ್ಟ ಬೇರೆ.

ಕ್ರಮವರಿತ ಉನ್ನತೀಕರಣ

ಸರಿಯಾದ ಉನ್ನತೀಕರಣ ಟಾರ್ಕ್ ಕನ್ವರ್ಟರ್‌ನಿಂದ ಆರಂಭವಾಗಬೇಕು. ಒಂದರ ಬದಲು ಮೂರು ಘರ್ಷಣಾ ತಟ್ಟೆಗಳ ಲಾಕಪ್ ಇರುವ ಕನ್ವರ್ಟರ್ ಹಾಕಿದರೆ ಒತ್ತಡವನ್ನು ಅತಿಯಾಗಿ ಏರಿಸದೆಯೇ ಹಿಡಿತ ಹೆಚ್ಚುತ್ತದೆ. ಅದರ ಜೊತೆಗೆ ತೈಲದ ಹರಿವನ್ನು ನಿಯಂತ್ರಿಸುವ ವಾಲ್ವ್ ಬಾಡಿಯನ್ನು ತಿದ್ದಿ ಒತ್ತಡವನ್ನು ತಕ್ಕಷ್ಟು ಹೆಚ್ಚಿಸಬೇಕು. ಮೂಲ 47ಆರ್‌ಇಯಲ್ಲಿ ಗೇರ್ ಸನ್ನೆಯನ್ನು ಪಾರ್ಕ್ ಸ್ಥಾನದಲ್ಲಿಟ್ಟು ಎಂಜಿನ್ ನಡೆಸಿದಾಗ ಕನ್ವರ್ಟರ್‌ಗೂ ಕೂಲರ್‌ಗೂ ತೈಲ ಹರಿಯುತ್ತಿರಲಿಲ್ಲ. ದೂರ ಓಡಿ ಬಂದ ವಾಹನವನ್ನು ತಣಿಯಲೆಂದು ಪಾರ್ಕ್‌ನಲ್ಲಿ ನಿಲ್ಲಿಸಿದವನು ಅರಿಯದೆಯೇ ಅದನ್ನು ತಣಿಯಗೊಡುತ್ತಿರಲಿಲ್ಲ! ನುರಿತವರು ತಿದ್ದಿದ ವಾಲ್ವ್ ಬಾಡಿ ಈ ದೋಷವನ್ನೂ ನಿವಾರಿಸುತ್ತದೆ.

ಹಿಡಿತ ಹೆಚ್ಚಿದ ಮೇಲೆ ಹೊರೆ ಮುಂದಿನ ಕೊಂಡಿಗೆ ವರ್ಗವಾಗುತ್ತದೆಂಬುದನ್ನು ಮರೆಯಲಾಗದು. ಹಿಂದೆ ಜಾರಿ ಉಳಿದುಕೊಳ್ಳುತ್ತಿದ್ದ ಭಾಗ ಈಗ ಜಾರದೆ ಇದ್ದರೆ ಬಲವೆಲ್ಲ ಒಳಬರುವ ಶಾಫ್ಟಿನ ಮೇಲೆ ಬೀಳುತ್ತದೆ, ಅದು ಮುರಿಯುತ್ತದೆ. ಆದುದರಿಂದ ಬಲವರ್ಧನೆ ಹೆಚ್ಚಿದಂತೆ ಉತ್ತಮ ಮಿಶ್ರ ಉಕ್ಕಿನಿಂದ ಕಡೆದ ಶಾಫ್ಟ್, ಹೆಚ್ಚಿನ ಕ್ಲಚ್ ತಟ್ಟೆಗಳು, ಗಟ್ಟಿಯಾದ ಪಟ್ಟಿ ಹಾಗೂ ಅದರ ಊರೆಕೋಲು ಇವೆಲ್ಲ ಒಟ್ಟಾಗಿ ಬರಬೇಕಾಗುತ್ತದೆ. ಸರಪಳಿಯ ಒಂದು ಕೊಂಡಿಯನ್ನಷ್ಟೇ ದಪ್ಪಮಾಡಿ ಪ್ರಯೋಜನವಿಲ್ಲ.

ಕೊನೆಯದಾಗಿ ಉಷ್ಣದ ನಿರ್ವಹಣೆ: ದೊಡ್ಡ ತೈಲ ಕೂಲರ್, ಹೆಚ್ಚು ತೈಲ ಹಿಡಿಯುವ ಆಳವಾದ ತಳತಟ್ಟೆ ಮತ್ತು ಚಾಲಕನ ಕಣ್ಣಿಗೆ ಕಾಣುವ ಉಷ್ಣಮಾಪಕ. ಇವುಗಳಲ್ಲಿ ಅತ್ಯಂತ ಅಗ್ಗದ್ದು ಉಷ್ಣಮಾಪಕ. ಮೊದಲು ಕೊಳ್ಳಬೇಕಾದದ್ದೂ ಅದೇ. ಹಳೆಯ ಗೇರ್‌ಬಾಕ್ಸ್ ಸುಟ್ಟುಹೋದಾಗ ಅದರ ಚೂರ್ಣ ಕೂಲರ್‌ನಲ್ಲಿ ಉಳಿದಿರುತ್ತದೆ. ಕೂಲರನ್ನು ತೊಳೆಯದೆ ಅಥವಾ ಬದಲಿಸದೆ ಹೊಸ ಗೇರ್‌ಬಾಕ್ಸ್ ಜೋಡಿಸುವುದೆಂದರೆ ಹಳೆಯ ರೋಗವನ್ನು ಹೊಸ ಮೈಗೆ ಅಂಟಿಸಿದಂತೆ.

ಎರಡು ಆಕ್ಷೇಪಗಳು

ಇಷ್ಟೆಲ್ಲ ವೆಚ್ಚ ಎಲ್ಲರಿಗೂ ಅಗತ್ಯವೇ ಎಂಬ ಪ್ರಶ್ನೆ ನ್ಯಾಯವಾದುದು. ಅಗತ್ಯವಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಎಂಜಿನ್‌ನ ಮೂಲ ಶಕ್ತಿಯನ್ನು ಮುಟ್ಟದೆ, ನಿಗದಿತ ಮಿತಿಯೊಳಗೆ ಭಾರ ಎಳೆಯುವವನಿಗೆ ಉತ್ತಮ ಕೂಲರ್, ಉಷ್ಣಮಾಪಕ ಹಾಗೂ ಕಾಲಕಾಲಕ್ಕೆ ಸರಿಯಾದ ತೈಲದ ಬದಲಾವಣೆ ಸಾಕಾಗಬಹುದು. ಅಂತಹವನಿಗೆ ಸ್ಪರ್ಧೆಯ ವಾಹನಕ್ಕೆ ತಕ್ಕ ಗೇರ್‌ಬಾಕ್ಸ್ ಮಾರುವುದೂ ಒಂದು ಬಗೆಯ ಮೋಸವೇ ಸರಿ.

ಕೈಗೇರಿಗೆ ಬದಲಾಯಿಸಿಕೊಳ್ಳಬಾರದೇಕೆ ಎಂಬುದು ಇನ್ನೊಂದು ವಾದ. ಅದರಲ್ಲಿಯೂ ಅಧಿಕ ಟಾರ್ಕ್‌ಗೆ ತಕ್ಕ ಕ್ಲಚ್ ಬೇಕಾಗುತ್ತದೆ. ಪೆಡಲ್, ಶಾಫ್ಟ್, ವಿದ್ಯುನ್ಮಾನ ನಿಯಂತ್ರಣಗಳೆಲ್ಲ ಬದಲಾಗಬೇಕಾಗುತ್ತದೆ. ಮಿತಿ ಎಂಬುದು ಯಾವ ಗೇರ್‌ಬಾಕ್ಸ್‌ಗೂ ತಪ್ಪಿದ್ದಲ್ಲ.

ಮಾರಾಟಗಾರನ ಹೊಣೆ

ಈ ವಿಷಯ ವಾಣಿಜ್ಯ ವಲಯಕ್ಕೆ ಮುಖ್ಯವಾಗುವುದು ಇಲ್ಲಿಯೇ. ‘ಹೆವಿ ಡ್ಯೂಟಿ’ ಎಂಬ ಬರಹ ಯಾವ ಪೆಟ್ಟಿಗೆಯ ಮೇಲಾದರೂ ಅಚ್ಚಾಗಬಲ್ಲದು. ಎಷ್ಟು ಟಾರ್ಕ್, ಎಷ್ಟು ಭಾರ, ಎಷ್ಟು ಶಾಖದವರೆಗೆ ಎಂಬುದನ್ನು ಬರವಣಿಗೆಯಲ್ಲಿ ಕೊಡದ ಉನ್ನತೀಕರಣ ಕೇವಲ ಭರವಸೆ. 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ಪ್ರಕಾರ, ಹೊರಗಿನ ಬಿಡಿಭಾಗ ಬಳಸಿದ ಮಾತ್ರಕ್ಕೆ ತಯಾರಕರು ವಾರಂಟಿಯನ್ನು ನಿರಾಕರಿಸುವಂತಿಲ್ಲ. ಆದರೆ ಹಾನಿಗೆ ಆ ಭಾಗವೇ ಕಾರಣವೆಂದು ತೋರಿಸಿದರೆ ನಿರಾಕರಿಸಬಹುದು. ಕಾನೂನಿನ ಈ ರಕ್ಷಣೆ ಅಳತೆಯಿಲ್ಲದ ಶಕ್ತಿವರ್ಧನೆಗೆ ಕೊಡೆ ಹಿಡಿಯುವುದಿಲ್ಲ.

ಅಳತೆಯನ್ನು ಮೀರಿದ ವ್ಯಾಪಾರ ಎಲ್ಲಿಗೆ ತಲುಪಿತೆಂಬುದಕ್ಕೆ ದಾಖಲೆಯೂ ಇದೆ. ಹಿಂದಿನ ಒಂದು ದಶಕದಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ಕಳಚಲಾಗಿದೆ ಅಥವಾ ನಿಷ್ಕ್ರಿಯಗೊಳಿಸಲಾಗಿದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರ ನವೆಂಬರ್‌ನ ವರದಿಯಲ್ಲಿ ಅಂದಾಜಿಸಿತು. ಗೇರ್‌ಬಾಕ್ಸ್‌ನ ಬಲವರ್ಧನೆಗೂ ಹೊಗೆ ನಿಯಂತ್ರಣಕ್ಕೂ ಸಂಬಂಧವಿಲ್ಲ. ಮೊದಲನೆಯದು ಸುಭದ್ರವಾದ ಸೇವೆ, ಎರಡನೆಯದನ್ನು ಕೆಡಿಸುವುದು ಅಪರಾಧ. ಇವೆರಡನ್ನೂ ಒಂದೇ ಅಂಗಡಿಯಲ್ಲಿ ಒಂದೇ ಉಸಿರಿನಲ್ಲಿ ಮಾರಿದವರು ಪ್ರಾಮಾಣಿಕ ಕಸುಬುದಾರರ ಹೆಸರಿಗೂ ಮಸಿ ಬಳಿದರು.

ನಮ್ಮ ನಾಡಿಗೆ ಒದಗುವ ವಿವೇಕ

ಭಾರತದ ಪಿಕಪ್‌ಗಳಲ್ಲಿ ಬಹುಪಾಲು ಇಂದಿಗೂ ಕೈಗೇರಿನವು. ಆದರೂ ಸ್ವಯಂಚಾಲಿತ ಗೇರ್‌ಬಾಕ್ಸ್ ಇತ್ತ ಕಾಲಿಟ್ಟಿದೆ. 2022ರಲ್ಲಿ ಭಾರತದಲ್ಲಿ ಬಿಡುಗಡೆಯಾದ, ಬಿಡದಿಯಲ್ಲಿ ಸಿದ್ಧವಾಗುವ ಟೊಯೊಟಾ ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ಎಂಜಿನ್ ಕೈಗೇರಿನೊಡನೆ 420 ನ್ಯೂಟನ್ ಮೀಟರ್ ಹಾಗೂ ಸ್ವಯಂಚಾಲಿತ ಗೇರ್‌ಬಾಕ್ಸ್‌ನೊಡನೆ 500 ನ್ಯೂಟನ್ ಮೀಟರ್ ಟಾರ್ಕ್ ನೀಡುವಂತೆ ರೂಪಿತವಾಗಿತ್ತು. 1996ರ ಅಮೆರಿಕದಲ್ಲಿ ಕಡಿಮೆ ಬಲ ಪಡೆದದ್ದು ಸ್ವಯಂಚಾಲಿತ ವಾಹನ. 2022ರ ಬಿಡದಿಯಲ್ಲಿ ಹೆಚ್ಚು ಬಲ ಪಡೆದದ್ದೂ ಅದೇ. ಕಾಲ ಬದಲಾಯಿತು, ತಂತ್ರಜ್ಞಾನ ಬದಲಾಯಿತು. ತಾಳಿಕೆಯನ್ನು ನೋಡಿ ಶಕ್ತಿಯನ್ನು ನಿಗದಿಪಡಿಸುವ ನಿಯಮ ಮಾತ್ರ ಬದಲಾಗಲಿಲ್ಲ.

ಅಮೆರಿಕದ ಮಾದರಿಯಲ್ಲಿ ಮನಬಂದಂತೆ ವಾಹನ ಮಾರ್ಪಡಿಸಲು ಇಲ್ಲಿ ಅವಕಾಶವಿಲ್ಲವೆಂಬುದನ್ನೂ ಗ್ಯಾರೇಜು ಮಾಲೀಕರು ಅರಿತಿರಬೇಕು. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಆದರೆ ನಮ್ಮ ಉದ್ಯಮಿಗಳಿಗೆ ಈ ಅನುಭವದಿಂದ ಕಲಿಯಲು ಬೇರೆಯದೇ ಒಂದು ಅಂಶವಿದೆ. ಪೀಣ್ಯದ ಯಂತ್ರಾಗಾರಗಳು, ಬೆಳಗಾವಿಯ ಎರಕದ ಕಾರ್ಖಾನೆಗಳು ವಾಹನೋದ್ಯಮಕ್ಕೆ ಬಿಡಿಭಾಗಗಳನ್ನು ಒದಗಿಸುತ್ತ ಬಂದಿವೆ. ಒಂದು ಶಾಫ್ಟ್ ಅಥವಾ ಒಂದು ಕವಾಟ ಎಷ್ಟು ಹೊರೆಯನ್ನು ಎಷ್ಟು ಕಾಲ ತಾಳಬಲ್ಲದೆಂಬುದನ್ನು ಪರೀಕ್ಷಿಸಿ, ಅಂಕಿಗಳಲ್ಲಿ ಬರೆದು, ಸಹಿ ಹಾಕಿ ಕೊಡುವವನ ಸರಕಿಗೆ ಬೆಲೆಯ ಚೌಕಾಶಿ ತಾನಾಗಿಯೇ ತಗ್ಗುತ್ತದೆ. ಹೊಸ ಆರ್ಡರುಗಳೆಂಬ ಶಕ್ತಿಯನ್ನು ಬರಮಾಡಿಕೊಳ್ಳುವ ಮುನ್ನ ತನ್ನ ಯಂತ್ರಗಳು, ಕುಶಲಕರ್ಮಿಗಳು ಹಾಗೂ ದುಡಿಯುವ ಬಂಡವಾಳ ಆ ಹೊರೆಯನ್ನು ತಾಳಬಲ್ಲವೇ ಎಂದು ಅಳೆದುಕೊಳ್ಳುವವನ ಕಾರ್ಖಾನೆಯೂ ನಡುದಾರಿಯಲ್ಲಿ ನಿಲ್ಲುವುದಿಲ್ಲ.

ಎಂಜಿನ್‌ನ ಶಕ್ತಿ ಜಾಹೀರಾತಿಗೆ ಒಳ್ಳೆಯ ವಿಷಯ. ಸರಕು ಊರು ತಲುಪುವುದು ಮಾತ್ರ ಗೇರ್‌ಬಾಕ್ಸ್‌ನ ತಾಳಿಕೆಯಿಂದ. ಗ್ರಾಹಕನು ಶಕ್ತಿಯನ್ನು ಕೇಳಿಕೊಂಡು ಬಂದಾಗ ಮೊದಲು ತಾಳಿಕೆಯ ಮಾತನ್ನೆತ್ತುವ, ಅಗತ್ಯಬಿದ್ದರೆ ಆ ದಿನದ ಮಾರಾಟವನ್ನು ಕೈಬಿಡುವ ವ್ಯಾಪಾರಿಯೇ ದೀರ್ಘಕಾಲ ಬಾಳುತ್ತಾನೆ.