ಜೈಲು ಸಿನಿಮಾ, ಭಾಗ 3: ಭಾಷೆ ಬರದವನ ಲಾಕಪ್

ಜೈಲು ಸಿನಿಮಾ ಅಂದ್ರ ನಿಮಗೇನ್ ನೆನಪಾಗ್ತದ? ಹೀರೋ ಎಂಟ್ರಿ, ಹಾರೋ ಊಟದ ತಾಟು, ಸ್ಲೋಮೋಷನ್ ಹೊಡೆದಾಟ. ಎಷ್ಟು ಸಲ ಅದನ್ನೇ ನೋಡ್ತೀರಿ?

2015ರ ತಮಿಳು ಸಿನಿಮಾ ‘ವಿಸಾರಣೈ’ ನೋಡ್ರಿ. ನಿರ್ದೇಶಕ ವೆಟ್ರಿಮಾರನ್. ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ತಾವು ಅನುಭವಿಸಿದ್ದನ್ನೇ ಬರೆದ ‘ಲಾಕ್ ಅಪ್’ ಕಾದಂಬರಿ ಅದಕ್ಕ ಮೂಲ. ಗುಂಟೂರಿಗೆ ದುಡಿಯಾಕ ಹೋದ ತಮಿಳು ಹುಡುಗರನ್ನ ಪೊಲೀಸರು ಎಳ್ಕೊಂಡು ಹೋಗ್ತಾರ. ತೆಲುಗು ಸರಿಯಾಗಿ ಬರೂದಿಲ್ಲ. ಯಾಕ ಹೊಡೀತಾರ ಅನ್ನೋದೂ ತಿಳಿಯೂದಿಲ್ಲ.

ಇದು ದೂರದ ಕಥಿ ಅಲ್ಲ. ಯಮಕನಮರಡಿಯಿಂದ ಹೆದ್ದಾರಿ ಹಿಡಿದ್ರ ಮುಂದ ಕೊಲ್ಲಾಪುರ ಜಿಲ್ಲೆ. ನಮ್ಮ ಲಾರಿ ಡ್ರೈವರ್ ಅಲ್ಲಿ ಸಿಕ್ಕಿಬಿದ್ರ ಕಾಗದ ಮರಾಠಿಯಾಗ. ಅಲ್ಲಿಯವ ಇಲ್ಲಿ ಹಿಂಡಲಗಾ ಜೈಲು ಸೇರಿದ್ರ ಕಾಗದ ಕನ್ನಡದಾಗ.

ಬಂಧನದ ಕಾರಣ ತಿಳಿಸಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳ್ತದ. ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು, ಕಾರಣ ತಿಳಿಸದ ಬಂಧನ ಕಾನೂನುಬಾಹಿರ ಅಂತ 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬೋರ್ಡಿನ ಭಾಷೆಗಾಗಿ ಬಡಿದಾಡೋ ಗಡಿ ಮಂದಿ ನಾವು. ಠಾಣೆಯೊಳಗಿನ ಭಾಷೆ ಬಗ್ಗೆ ಯಾಕ ತುಟಿ ಬಿಚ್ಚಂಗಿಲ್ಲ? ಅಲ್ಲಿ ಸಿಕ್ಕವ ಕನ್ನಡದವನಿರಲಿ, ಮರಾಠಿಯವನಿರಲಿ, ಅವನ ಪಾಡು ಒಂದೇ.

ಕನ್ನಡ ನಿರ್ದೇಶಕರೇ, ಈ ಕಥಿ ಮಾಡ್ರಿ. ನೀವು ಓದಾವ್ರು, ತಿಳಿಯದ ಭಾಷೆಯ ಕಾಗದಕ್ಕ ಸಹಿ ಹಾಕೂಕಿಂತ ಮೊದಲು ‘ನನ್ನ ಭಾಷೆಯಾಗ ಹೇಳ್ರಿ’ ಅಂತ ಕೇಳ್ರಿ. ಊರು ಬಿಟ್ಟು ದುಡಿಯಾಕ ಹೋದ ತಮ್ಮಂದಿರಿಗೂ ಇದನ್ನ ಕಳಸ್ರಿ.

#ಯಮಕನಮರಡಿ #ಬೆಳಗಾವಿ #ಜೈಲುಸಿನಿಮಾ