ಉದ್ಯೋಗಕ್ಕೆ ಮರಳುವ ಸಹೋದರಿಯ ವಿಷಯವಾಗಿ ಒಂದು ಬಿನ್ನಹ

ಹೆಣ್ಣುಮಕ್ಕಳಿಗೆ ವಿದ್ಯೆ ಏತಕ್ಕೆಂದು ಕೇಳುವ ಕಾಲವು ಕಳೆದುಹೋಯಿತು. ನಮ್ಮ ಶಾಲೆಯಲ್ಲಿ ಓದಿದವರು ಇಂದು ಪಾಠಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಸರಕಾರಿ ಕಚೇರಿಗಳಲ್ಲಿಯೂ ದುಡಿಯುತ್ತಿರುವರು. ಇದು ಹರ್ಷದ ಸಂಗತಿಯೇ ಸರಿ. ಆದರೆ ಇಂಥ ಸಂಚಿಕೆಯಲ್ಲಿ ಹರ್ಷದ ಸಂಗತಿಗಳನ್ನು ಮಾತ್ರ ಬರೆದು ಕಷ್ಟದ ಸಂಗತಿಗಳನ್ನು ಮುಚ್ಚಿಡುವುದು ಯುಕ್ತವಲ್ಲ. ಆದುದರಿಂದ, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳಕ್ಕೊಳಗಾಗಿ, ದೂರು ಕೊಟ್ಟು, ಕೆಲಕಾಲ ರಜೆಯಲ್ಲಿದ್ದು, ತಿರುಗಿ ಅದೇ ಬಾಗಿಲನ್ನು ಹೊಗಬೇಕಾದ ಸಹೋದರಿಯ ವಿಷಯವಾಗಿ ನಾಲ್ಕು ಮಾತುಗಳನ್ನು ಬಿನ್ನವಿಸುವೆನು.

ಈ ವಿಷಯದಲ್ಲಿ ನಮ್ಮ ದೇಶಕ್ಕೆ ಕಾನೂನು ಇಲ್ಲದಿಲ್ಲ. 1992ರಲ್ಲಿ ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದ ಭಂವರಿ ದೇವಿಯೆಂಬ ಗ್ರಾಮ ಕಾರ್ಯಕರ್ತೆಯು ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ದೂರಿತ್ತಳು. ಆ ದಾರುಣ ಪ್ರಸಂಗದಿಂದ ಎಚ್ಚೆತ್ತ ಮಹಿಳಾ ಸಂಘಗಳು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕವು. 1997ರ ವಿಶಾಖಾ ತೀರ್ಪಿನಲ್ಲಿ ನ್ಯಾಯಾಲಯವು ದುಡಿಯುವ ಮಹಿಳೆಯರ ರಕ್ಷಣೆಗೆ ನಿಯಮಗಳನ್ನು ವಿಧಿಸಿತು. 2013ರಲ್ಲಿ ಅದಕ್ಕಾಗಿಯೇ ಶಾಸನವಾಯಿತು. 10 ಮಂದಿಯಾಗಲಿ ಹೆಚ್ಚು ಮಂದಿಯಾಗಲಿ ದುಡಿಯುವ ಸ್ಥಳದಲ್ಲಿ ಹಿರಿಯ ಮಹಿಳೆಯೊಬ್ಬರ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿಯಿರಬೇಕು. ವಿಚಾರಣೆಯು 90 ದಿನಗಳೊಳಗೆ ಮುಗಿಯಬೇಕು. ವಿಚಾರಣೆಯ ಕಾಲದಲ್ಲಿ ದೂರಿತ್ತವಳು ಬರಹದ ಮೂಲಕ ಕೇಳಿಕೊಂಡರೆ, ಆಕೆಗೆ 3 ತಿಂಗಳವರೆಗೆ ರಜೆ ಕೊಡುವಂತೆ ಸಮಿತಿಯು ಶಿಫಾರಸು ಮಾಡಬಹುದು. ಈ ರಜೆಯು ಆಕೆಯ ಹಕ್ಕಿನ ರಜೆಗೆ ಹೆಚ್ಚಿನದು, ಅದರಲ್ಲಿ ಕಳೆಯತಕ್ಕದ್ದಲ್ಲ.

ರಜೆಗೆ ಹೀಗೆ ಕಾನೂನಿನ ಬಲವುಂಟು. ಆದರೆ ರಜೆ ಮುಗಿದ ಮರುದಿನದ ಬೆಳಗ್ಗೆ ಏನಾಗುವುದು?

ನನಗೆ ಪರಿಚಿತಳಾದ ಒಬ್ಬಾಕೆ ಹೀಗೆ ಮರಳಿದಳು. ಆಕೆಯ ಮೇಜನ್ನು ಹಳೆಯ ಕಡತಗಳ ಕೋಣೆಯ ಪಕ್ಕಕ್ಕೆ ಸರಿಸಲಾಗಿತ್ತು. ಆಕೆ ನೋಡಿಕೊಳ್ಳುತ್ತಿದ್ದ ಕೆಲಸವು ಬೇರೊಬ್ಬರ ಪಾಲಾಗಿತ್ತು. ಚಹಾದ ಹೊತ್ತಿನಲ್ಲಿ ಆಕೆ ಸಮೀಪಿಸಿದೊಡನೆ ಮಾತು ನಿಲ್ಲುತ್ತಿತ್ತು. ಯಾರೂ ಕೆಟ್ಟ ಮಾತನ್ನಾಡಲಿಲ್ಲ. ಒಳ್ಳೆಯ ಮಾತನ್ನೂ ಆಡಲಿಲ್ಲ. “ಆ ಮನುಷ್ಯನ ಮಾತನ್ನು ಹೇಗೋ ಎದುರಿಸಿದೆ, ಇವರ ಮೌನವನ್ನು ಎದುರಿಸಲಾರದೆ ಹೋದೆ” ಎಂದು ಆಕೆ ಕಣ್ಣೀರಿಟ್ಟಳು. ನಾಲ್ಕನೆಯ ದಿನ ವಯಸ್ಸಾದ ಗುಮಾಸ್ತರೊಬ್ಬರು ಒಂದು ಲೆಕ್ಕದ ಪುಸ್ತಕವನ್ನು ತಂದು, “ಅಮ್ಮಾ, ಇದು ನಿಮ್ಮ ಕೈಯಲ್ಲೇ ಸರಿಹೋಗುತ್ತಿತ್ತು, ಸ್ವಲ್ಪ ನೋಡಿಕೊಡುವಿರಾ?” ಎಂದರಂತೆ. ಆ ಒಂದು ಮಾತಿನಿಂದ ತಾನು ಆ ಕೆಲಸದಲ್ಲಿ ಉಳಿದೆನೆಂದು ಆಕೆ ಇಂದಿಗೂ ಹೇಳುವಳು.

ನನ್ನ ಅಭಿಪ್ರಾಯವು ಇಷ್ಟೇ: ಮರಳಿ ಬಂದವಳಿಗೆ ಬೇಕಾದುದು ಮರುಕವಲ್ಲ, ಆಕೆಯ ಕೆಲಸ. ರಜೆ ಕೊಟ್ಟೆವೆಂದು ಕೈತೊಳೆದುಕೊಳ್ಳುವ ಸಂಸ್ಥೆಯು ಅರ್ಧ ಧರ್ಮವನ್ನು ಮಾತ್ರ ನಡೆಸಿದಂತಾಯಿತು.

ಅಧಿಕಾರದಲ್ಲಿರುವವರು ರಜೆ ಮುಗಿಯುವ ಮೊದಲೇ ಆಕೆಯ ಇಷ್ಟವನ್ನು ಕೇಳಿ ತಿಳಿಯಲಿ. ವಿಚಾರಣೆಯು ಇತ್ಯರ್ಥವಾಗುವವರೆಗೆ ಆಕೆಯನ್ನಾಗಲಿ ಆತನನ್ನಾಗಲಿ ಬೇರೆಡೆಗೆ ವರ್ಗಾಯಿಸಲು ಶಾಸನವು ಎಡೆಗೊಟ್ಟಿದೆ. ಹಾಗಿದ್ದೂ ಎಷ್ಟೋ ಕಡೆ ಗಂಟುಮೂಟೆ ಕಟ್ಟಬೇಕಾದವಳು ಆಕೆಯೇ ಆಗುವುದೇಕೆ? ಆಕೆ ಬಯಸದ ವರ್ಗಾವಣೆಯು ರಕ್ಷಣೆಯಲ್ಲ, ದಂಡನೆ. ಆಕೆಯ ಕೆಲಸದ ಕುರಿತು ಗೌಪ್ಯ ವರದಿಯನ್ನು ಆತನು ಬರೆಯದಂತೆ ತಡೆದು, ಅದನ್ನು ಬೇರೊಬ್ಬ ಅಧಿಕಾರಿಗೆ ಒಪ್ಪಿಸಲು ನಿಯಮವಿದೆ. ಅದನ್ನು ಕಾಗದದ ಮೇಲೆಯೇ ಬಿಡಬಾರದು.

ಜೊತೆಯಲ್ಲಿ ದುಡಿಯುವವರಲ್ಲಿ ಒಂದು ಮಾತು. ನಡೆದುದನ್ನು ಕೆದಕಿ ಕೇಳಬೇಡಿರಿ. ಆಕೆಯ ಹೆಸರನ್ನೂ ದೂರಿನ ಸಂಗತಿಯನ್ನೂ ಪ್ರಕಟಪಡಿಸುವುದು ಶಾಸನಕ್ಕೇ ವಿರುದ್ಧವಾದುದು. ಆದರೆ ಕೆದಕಬಾರದೆಂದು ಮಾತನ್ನೇ ಬಿಡಬೇಡಿರಿ. ಪಕ್ಕದಲ್ಲಿ ಕುಳಿತು ಊಟಮಾಡಿರಿ. ಎಂದಿನಂತೆ ಕೆಲಸದ ಸಲಹೆಯನ್ನು ಕೇಳಿರಿ.

ತಂದೆತಾಯಿಗಳಲ್ಲಿಯೂ ಒಂದು ಮಾತುಂಟು. “ಬೇಡ ಮಗಳೇ, ಬಿಟ್ಟುಬಿಡು, ನಾಲ್ವರು ಏನೆಂದಾರು?” ಎಂದು ನೀವು ಹೇಳುವುದು ಪ್ರೀತಿಯಿಂದಲೇ. ಆದರೆ ತಪ್ಪು ಮಾಡಿದವನು ಕುರ್ಚಿಯಲ್ಲಿ ಉಳಿದು, ತಪ್ಪಿಲ್ಲದವಳು ಮನೆಯಲ್ಲಿ ಉಳಿದರೆ, ಆ ನಾಲ್ವರು ತಪ್ಪು ಯಾರದೆಂದು ಎಣಿಸುವರು? ಮಗಳ ಸಂಬಳದ ಜೊತೆಗೆ ಆಕೆಯ ಆತ್ಮಗೌರವವೂ ಹೋಗುವುದನ್ನು ನೆನೆಯಿರಿ. ಹಾಗೆಂದು, ಮರಳಲಾರೆನೆಂದು ನಿಶ್ಚಯಿಸಿದವಳನ್ನು ಹೇಡಿಯೆಂದು ಜರೆಯುವ ಹಕ್ಕು ಯಾರಿಗೂ ಇಲ್ಲ. ನಿಶ್ಚಯವು ಆಕೆಯದಾಗಿರಬೇಕು; ಸುತ್ತಲಿನವರ ಮೌನವು ಆಕೆಗಾಗಿ ಮಾಡಿದ ನಿಶ್ಚಯವಾಗಿರಬಾರದು.

ಮರಳುವ ಸಹೋದರಿಯೇ, ಮೊದಲ ದಿನ ಕಾಲು ನಡುಗಿದರೆ ನಾಚಬೇಡ. ಯಾರ ಕೈಕೆಳಗೆ ಕೆಲಸ, ಯಾವ ಕೆಲಸವೆಂಬುದನ್ನು ಬರಹದಲ್ಲಿ ಕೇಳಿ ಪಡೆ. ಪುನಃ ಕಿರುಕುಳವಾದರೆ ದಿನಾಂಕಸಹಿತ ಗುರುತುಹಾಕಿಕೊಂಡು ಸಮಿತಿಗೆ ತಿಳಿಸು.

ಹಳೆಯ ವಿದ್ಯಾರ್ಥಿನಿಯರೇ, ನಮ್ಮ ತರಗತಿಯಲ್ಲಿ ಕಾಯಿಲೆ ಬಿದ್ದವಳು ಮರಳಿ ಬಂದಾಗ, ಬಿಟ್ಟುಹೋದ ಪಾಠವನ್ನು ಬರೆದಿಟ್ಟು, ಬೆಂಚಿನಲ್ಲಿ ಆಕೆಯ ಸ್ಥಳವನ್ನು ಕಾದಿರಿಸಿದ್ದೆವಲ್ಲವೇ? ಅಂದು ಯಾರೂ ಹೇಳದೆ ಮಾಡಿದ್ದನ್ನು ಇಂದು ನಮ್ಮ ನಮ್ಮ ಕಚೇರಿಗಳಲ್ಲಿ ಮಾಡೋಣ.