ಕೆರೆಗೊಂದು ಸುತ್ತು

ಸುತ್ತು ಬರುವುದು ನಮಗೇನೂ ಹೊಸದಲ್ಲ. ಗರ್ಭಗುಡಿಗೆ ಸುತ್ತು, ಅರಳಿಕಟ್ಟೆಗೆ ಸುತ್ತು, ತುಳಸಿಕಟ್ಟೆಗೆ ಸುತ್ತು. ಒಬ್ಬ ಹೆಣ್ಣುಮಗಳು ಜನ್ಮದಲ್ಲಿ ಬಂದ ಸುತ್ತುಗಳನ್ನೆಲ್ಲ ಬಿಡಿಸಿ ಉದ್ದಕ್ಕೆ ಹಾಸಿದರೆ ಕಾಶಿಗೆ ಹೋಗಿ ಬರುವಷ್ಟು ದಾರಿಯಾದೀತು. ಆದರೆ ಒಂದು ಸುತ್ತನ್ನು ಮಾತ್ರ ನಾವು ಬರುವ ಹಾಗಿಲ್ಲ. ನಮ್ಮದೇ ಬಡಾವಣೆಯ ಕೆರೆಗೆ, ಮನೆಮಕ್ಕಳನ್ನು ಜೊತೆಗಿಟ್ಟುಕೊಂಡು, ಸೈಕಲ್ಲಿನ ಮೇಲೆ ಒಂದು ಸುತ್ತು!

ಬೆಂಗಳೂರಿನ ದಕ್ಷಿಣ ಭಾಗಕ್ಕೆ ಕೆರೆಗಳ ಬರವೇನಿಲ್ಲ. ಜಯನಗರದ ಮಗ್ಗುಲಲ್ಲಿ ಯಡಿಯೂರು ಕೆರೆಯಿದೆ. ಜೆ.ಪಿ. ನಗರಕ್ಕೆ ಸಾರಕ್ಕಿ, ಪುಟ್ಟೇನಹಳ್ಳಿ ಎರಡೂ ಇವೆ. ಬಿ.ಟಿ.ಎಂ. ಬಡಾವಣೆಯ ಮೂರಕ್ಷರವನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ, ಹೆಸರಿನಲ್ಲೇ ಕೆರೆ. ಇವು ತಾವಾಗಿ ಉಳಿದುಕೊಂಡವಲ್ಲ. ಸಾರಕ್ಕಿಯ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ಜೆಸಿಬಿ ತಂದು ತೆರವು ಮಾಡಬೇಕಾಯಿತು. ಸೊರಗಿಹೋಗಿದ್ದ ಪುಟ್ಟೇನಹಳ್ಳಿ ಕೆರೆಯನ್ನು ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಜೀವಂತ ಮಾಡಿದರು. ನೀರು ನಿಂತಿತು, ಹಕ್ಕಿ ಬಂದವು. ಇಷ್ಟೆಲ್ಲ ಪಾಡುಪಟ್ಟು ಉಳಿಸಿಕೊಂಡ ನೀರಿನ ಸುತ್ತ ಹೆಂಗಸರು, ಮಕ್ಕಳು ಹೇಗೆ ಓಡಾಡಬೇಕು ಎಂಬ ಮಾತು ಬಂದಾಗ ಮಾತ್ರ ನಮ್ಮ ಊರಿನ ಬುದ್ಧಿ ಬೇಲಿಯ ಹತ್ತಿರವೇ ನಿಂತುಬಿಡುತ್ತದೆ.

ಒಂದು ಕೆರೆಗೆ (ಹೆಸರು ಬೇಡ, ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ಕಥೆ) ನನ್ನ ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದೆ. ಏಳು ವರ್ಷದ ಹುಡುಗಿ. ಸೈಕಲ್ಲಿನ ಪಕ್ಕದ ಪುಟ್ಟ ಚಕ್ರಗಳನ್ನು ಬಿಚ್ಚಿ ತಿಂಗಳಾಗಿರಲಿಲ್ಲ. ಗೇಟಿನಲ್ಲಿದ್ದವನು ಎದ್ದು ಬಂದು, "ಸೈಕಲ್ ಒಳಗೆ ಬಿಡಲ್ಲ ಮೇಡಂ, ವಾಕಿಂಗ್ ಮಾಡೋರು ಕಂಪ್ಲೇಂಟ್ ಮಾಡ್ತಾರೆ" ಎಂದ. "ಮತ್ತೆ ಮಗು ಎಲ್ಲಪ್ಪಾ ತುಳೀಬೇಕು?" ಎಂದು ಕೇಳಿದೆ. "ರೋಡಲ್ಲಿ ತುಳೀಲಿ ಮೇಡಂ" ಎಂದು ಬಹಳ ಸಮಾಧಾನದಿಂದ ಹೇಳಿದ. ಅವನ ತಪ್ಪೇನಿದೆ? ಅವನು ಸಂಬಳಕ್ಕೆ ನಿಂತವನು. ಆದರೆ ಆ ಮಾತಿನ ತರ್ಕವನ್ನು ಸ್ವಲ್ಪ ನೋಡಿ. ಏಳು ವರ್ಷದ ಮಗುವಿನ ಸೈಕಲ್ಲಿನಿಂದ ದೊಡ್ಡವರಿಗೆ ಅಪಾಯವಂತೆ, ಅದಕ್ಕೆ ಬೋರ್ಡು. ಕೆರೆಯ ಹೊರಗಿನ ರಸ್ತೆಯಲ್ಲಿ ಓಡುವ ನೀರಿನ ಟ್ಯಾಂಕರಿನಿಂದ ಆ ಮಗುವಿಗೆ ಅಪಾಯ ಎಂದು ಬೋರ್ಡು ಬರೆಸುವವರು ಯಾರು?

ವಾಕಿಂಗಿನವರ ಮೇಲೆ ನನಗೆ ಜಗಳವಿಲ್ಲ. ಮಂಡಿನೋವಿನ ಅಜ್ಜಿ, ಆಪರೇಷನ್ ಆದ ತಾತ ನಿರ್ಭಯವಾಗಿ ನಡೆಯಲು ಅದೊಂದು ಜಾಗ ಉಳಿದಿದೆ. ಅಲ್ಲಿಗೆ ಸೈಕಲ್ ನುಗ್ಗಿಸಿ ಎಂದು ನಾನು ಹೇಳುತ್ತಿಲ್ಲ. ನಾನು ಕೇಳುತ್ತಿರುವುದು ಬೇಲಿಯ ಹೊರಗಿನ ಸುತ್ತನ್ನು. ಕೆರೆಯನ್ನು ಬಳಸಿಕೊಂಡು ಹೋಗುವ ರಸ್ತೆಗಳ ಒಂದು ಅಂಚು, ಎಲ್ಲೂ ತುಂಡಾಗದ ಹಾಗೆ, ಹೊರಟಲ್ಲಿಗೇ ತಂದು ಮುಟ್ಟಿಸುವ ಒಂದು ದಾರಿ.

ಸುತ್ತೇ ಯಾಕೆ ಎನ್ನುತ್ತೀರಾ? ಮಕ್ಕಳನ್ನು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೇರ ದಾರಿಯಲ್ಲಿ ಹೋದರೆ ಹೋದಷ್ಟೇ ವಾಪಸ್ಸು ಬರಬೇಕು. ಮಗು ಅರ್ಧದಲ್ಲಿ "ಕಾಲು ನೋವು" ಎಂದು ಕೂತರೆ ಮುಗಿಯಿತು. ಸುತ್ತುದಾರಿಯಲ್ಲಿ ಎಷ್ಟು ದೂರ ಹೋದರೂ ಅರ್ಧ ಸುತ್ತಿಗಿಂತ ಹೆಚ್ಚು ದೂರದಲ್ಲಿ ಮನೆಯಿರುವುದಿಲ್ಲ. ನೀರು ಒಂದೇ ಕೈಯ ಕಡೆಗಿರುತ್ತದೆ, ಆ ಕಡೆಯಿಂದ ವಾಹನ ಬರುವುದಿಲ್ಲ, ಅಡ್ಡರಸ್ತೆಗಳು ಕಡಿಮೆ. ಮಗುವಿಗೆ ದಾರಿ ತಪ್ಪುವ ಭಯವಿಲ್ಲ. ಹುಷಾರಾದ ದೊಡ್ಡ ಮಗ ಎರಡು ಸುತ್ತು ಹೊಡೆದು ಬಂದರೆ ಚಿಕ್ಕವಳು ಒಂದು ಮುಗಿಸುತ್ತಾಳೆ, ಅಜ್ಜಿ ಕಲ್ಲುಬೆಂಚಿನ ಮೇಲೆ ಕೂತು ಇಬ್ಬರನ್ನೂ ನೋಡುತ್ತಾರೆ. ಒಂದು ಸುತ್ತಿಗೆ ಇಷ್ಟು ಹೊತ್ತು ಎಂದು ಲೆಕ್ಕ ಸಿಗುವುದರಿಂದ ಒಲೆ, ಆಫೀಸು, ಸ್ಕೂಲ್ ವ್ಯಾನು ಎಲ್ಲವನ್ನೂ ಹೊಂದಿಸಿಕೊಳ್ಳಬೇಕಾದ ಹೆಂಗಸಿಗೂ ಅದು ಕೈಗೆಟಕುತ್ತದೆ.

ಬಂದರು ಇರುವ ಊರುಗಳವರು ಈ ಸುತ್ತಿನ ಗುಟ್ಟನ್ನು ನಮಗಿಂತ ಮೊದಲೇ ತಿಳಿದವರು. ನಮ್ಮ ಮಂಗಳೂರನ್ನೇ ನೋಡಿ. ಹಳೇ ಬಂದರಿನ ದಕ್ಕೆಯಿಂದ ದೋಣಿಯಲ್ಲಿ ನದಿ ದಾಟಿದರೆ ಬೆಂಗ್ರೆ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಉದ್ದನೆಯ ನೆಲ. ಅದರ ಮೇಲೆ ಉತ್ತರಕ್ಕೆ ಸಾಗಿದರೆ ತಣ್ಣೀರುಬಾವಿ. ಅಲ್ಲಿಂದ ಸುಲ್ತಾನ್ ಬತ್ತೇರಿಗೆ ಮತ್ತೆ ದೋಣಿ. ಬತ್ತೇರಿಯಿಂದ ದಕ್ಕೆಗೆ ರಸ್ತೆ. ಅಲ್ಲಿಗೆ ಬಂದರಿಗೆ ಒಂದು ಪ್ರದಕ್ಷಿಣೆ ಆಯಿತು. ಭೂಗೋಳವೇ ಬರೆದುಕೊಟ್ಟ ಸುತ್ತು ಅದು. ಅಲ್ಲಿಯೂ ಸಂಸಾರಸಮೇತ ಸೈಕಲ್ಲಿನಲ್ಲಿ ಹೋಗಬಹುದಾದ ದಾರಿಯನ್ನು ನಾವು ಮನಸ್ಸಿಟ್ಟು ಕಟ್ಟಬೇಕಷ್ಟೆ.

ಮನಸ್ಸಿಟ್ಟು ಕಟ್ಟಿದವರು ಡೆನ್ಮಾರ್ಕಿನ ಕೋಪನ್‌ಹೇಗನ್ನಿನವರು. ಅಲ್ಲಿನ ಬಂದರಿನ ಸುತ್ತ 13 ಕಿಲೋಮೀಟರಿನ ಒಂದು ಸೈಕಲ್ ಸುತ್ತಿದೆ. ಮಕ್ಕಳ ವೇಗದಲ್ಲಿ ಹೋದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಅದು ದೇವರು ಕೊಟ್ಟದ್ದಲ್ಲ. ಅದೂ ಕಾರ್ಖಾನೆಗಳಿದ್ದ, ಕೊಳಕು ನೀರಿನ ಬಂದರು. ನೀರನ್ನು ಶುದ್ಧ ಮಾಡಿ 2002ರ ಹೊತ್ತಿಗೆ ಅಲ್ಲೇ ಜನ ಈಜುವ ಹಾಗೆ ಮಾಡಿದರು. ದಾರಿ ತುಂಡಾಗಿದ್ದ ಕಡೆಗಳಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಸೇತುವೆ ಹಾಕಿದರು. 2006ರಲ್ಲಿ ಒಂದು, 2014ರಲ್ಲಿ ಸೈಕಲ್ಲಿಗೆಂದೇ ಹಾವಿನ ಹಾಗೆ ಬಳುಕುವ ಇನ್ನೊಂದು, 2016ರಲ್ಲಿ ಒಳಬಂದರಿಗೆ ಅಡ್ಡಲಾಗಿ ಮತ್ತೊಂದು. ಆಗ ಸುತ್ತು ಕೂಡಿಕೊಂಡಿತು. "ಅವರು ಶ್ರೀಮಂತರು ಬಿಡಿ" ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಮೇಲುಸೇತುವೆ ಕಟ್ಟುವಾಗ ನಾವು ಬಡವರು ಎಂಬುದು ಯಾಕೆ ನೆನಪಾಗುವುದಿಲ್ಲ? ಸಾರಕ್ಕಿಗೋ ಮಡಿವಾಳಕ್ಕೋ ಸುತ್ತು ಕೂಡಿಸಲು ಸೇತುವೆಯೂ ಬೇಡ. ಬಣ್ಣ, ಕಲ್ಲು, ನಾಲ್ಕು ರಸ್ತೆ ಉಬ್ಬು, ಒಂದಿಷ್ಟು ನಾಚಿಕೆ, ಇಷ್ಟು ಸಾಕು.

ನಾಚಿಕೆ ಎಂದದ್ದು ಸುಮ್ಮನಲ್ಲ. ಜಯನಗರದಲ್ಲಿ ಸೈಕಲ್ ದಾರಿ ಆಗಿಯೇ ಇರಲಿಲ್ಲ ಎನ್ನುವ ಹಾಗಿಲ್ಲ. 2012-13ರ ಸುಮಾರಿಗೆ ನಗರ ಭೂ ಸಾರಿಗೆ ನಿರ್ದೇಶನಾಲಯವೂ ಆಗಿನ ಬಿಬಿಎಂಪಿಯೂ ಸೇರಿ ಜಯನಗರದ ಬೀದಿಗಳಲ್ಲಿ ಸೈಕಲ್ ದಾರಿ ಗುರುತು ಹಾಕಿದ್ದವು. ಮರದ ನೆರಳಿನ ಅಗಲ ಬೀದಿಗಳು, ಅಚ್ಚುಕಟ್ಟಾದ ಬ್ಲಾಕುಗಳು. ನಗರದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಆ ದಾರಿಯ ಮೇಲೆ ಸೈಕಲ್ಲುಗಳು ಬರುವ ಮೊದಲೇ ಕಾರುಗಳು ಬಂದು ನಿಂತವು. ಮೊದಲು ಒಂದು, ಅದರ ಹಿಂದೆ ಹತ್ತು. ಬಣ್ಣ ಅಳಿಸಿತು, ಗುರುತು ಮಾಸಿತು. 2020ರಲ್ಲಿ ಸಿಲ್ಕ್ ಬೋರ್ಡಿನಿಂದ ಹೊರವರ್ತುಲ ರಸ್ತೆಯುದ್ದಕ್ಕೂ ಕಂಬ ನೆಟ್ಟು ಸೈಕಲ್ ಪಟ್ಟಿ ಮಾಡಿದರು. ಅದಕ್ಕೂ ಬಾಳಿಕೆ ಬರಲಿಲ್ಲ. ಆಮೇಲೆ ಏನು ಹೇಳಿದರು? "ಮಾಡಿ ನೋಡಿದ್ವಲ್ಲಾ, ಯಾರೂ ಸೈಕಲ್ ತುಳಿಯೋಕೆ ಬರಲೇ ಇಲ್ಲ!" ಊಟದ ಎಲೆಯ ಮೇಲೆ ಯಾರೋ ಕೂತುಬಿಟ್ಟಿದ್ದಾರೆ, ಆಮೇಲೆ ಹಸಿವಿಲ್ಲವೇ ಎಂದು ನಮ್ಮನ್ನು ಕೇಳುತ್ತಾರೆ.

ತಾಯಿಯೂ ಮಗುವೂ ಪಕ್ಕಪಕ್ಕದಲ್ಲಿ ತುಳಿದುಕೊಂಡು ಹೋಗಲು ಎರಡು ಮೀಟರು ಅಗಲ ಸಾಕು. ಒಂದು ಕಾರು ನಿಲ್ಲಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ ಅಗಲ. ಆದ್ದರಿಂದ "ಜಾಗ ಇಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜಾಗ ಇದೆ; ಅದರ ಮೇಲೆ ಇಡೀ ದಿನ ಅಲ್ಲಾಡದ ಒಂದು ವಾಹನಕ್ಕೆ ಬಟ್ಟೆ ಹೊದಿಸಿ ನಿಲ್ಲಿಸಿದ್ದಾರೆ. ಬಾಡಿಗೆ ಕೊಡದೆ ಬೀದಿಯಲ್ಲಿ ಮಲಗುವ ಹಕ್ಕು ಕಾರಿಗಿದೆ, ಬೀದಿಯಲ್ಲಿ ಆಡುವ ಹಕ್ಕು ಮಗುವಿಗಿಲ್ಲ.

"ಭಾನುವಾರ ಬೆಳಿಗ್ಗೆ ಒಂದು ಬೀದಿ ಮುಚ್ಚಿ ಸೈಕಲ್ ದಿನ ಮಾಡ್ತಾರಲ್ಲ" ಎನ್ನುತ್ತಾರೆ ಕೆಲವರು. 2013ರಲ್ಲಿ ಅದು ಶುರುವಾದಾಗ ನಾನೂ ಸಂತೋಷಪಟ್ಟವಳೇ. ಆದರೆ ಭಾನುವಾರ ಬೆಳಿಗ್ಗೆ ಯಾರಿಗೆ ಬಿಡುವು ಎಂದು ಕೇಳಿದಿರಾ? ಮನೆಯಲ್ಲಿ ಎಲ್ಲರೂ ಇರುವ ದಿನ ಅಡುಗೆಮನೆಯಲ್ಲಿ ಎರಡು ಪಟ್ಟು ಕೆಲಸ. ಹಬ್ಬದ ದಿನ ಮಾತ್ರ ಕೊಡುವ ಸ್ವಾತಂತ್ರ್ಯ ನಮಗೆ ಬೇಡ. ಇನ್ನು ಕೆಲವರು, "ನಮ್ಮ ಅಪಾರ್ಟ್‌ಮೆಂಟಿನೊಳಗೇ ಮಕ್ಕಳು ಸುತ್ತು ಹೊಡೀತಾರೆ" ಎನ್ನುತ್ತಾರೆ. ಒಳ್ಳೆಯದು. ಆ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆದು ಹೋಗುವವಳ ಮಗಳು ಎಲ್ಲಿ ಸುತ್ತು ಹೊಡೆಯಬೇಕು? 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ದೊಡ್ಡ ಕೆಲಸ ಅದು. ಸೈಕಲ್ಲು ಕೊಟ್ಟ ಕೈಗಳು ದಾರಿಯನ್ನೂ ಕೊಡಬಾರದಿತ್ತೇ?

ಹೆಣ್ಣುಮಗಳು ಸೈಕಲ್ ಏರುವುದು ಬರೀ ಮೋಜಿನ ಮಾತಲ್ಲ. 1991-92ರಲ್ಲಿ ನೆರೆಯ ತಮಿಳುನಾಡಿನ ಪುದುಕೋಟೆಯಲ್ಲಿ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅಕ್ಷರ ಚಳವಳಿಯ ಜೊತೆಗೇ ಸೈಕಲ್ಲನ್ನೂ ಕಲಿಸಲು ಹೊರಟಾಗ ಲಕ್ಷದಷ್ಟು ಹಳ್ಳಿ ಹೆಂಗಸರು ಕಲಿತರು. ಕಲ್ಲುಗಣಿಯವರು, ಕೂಲಿಯವರು, ಅಂಗನವಾಡಿಯವರು. ಬಸ್ಸಿಗೆ ಕಾಯುವುದು, ಗಂಡನನ್ನೋ ಅಣ್ಣನನ್ನೋ ಕೇಳಿಕೊಳ್ಳುವುದು ತಪ್ಪಿತು. ಇನ್ನು ಹಾಲೆಂಡನ್ನು ಸೈಕಲ್ಲಿನ ಸ್ವರ್ಗ ಎನ್ನುತ್ತೇವೆ. ಅದು ಮೊದಲಿನಿಂದಲೂ ಹಾಗಿರಲಿಲ್ಲ. 1971ರ ಒಂದೇ ವರ್ಷದಲ್ಲಿ ಅಲ್ಲಿ ವಾಹನಗಳಿಗೆ ಸಿಕ್ಕಿ 400ಕ್ಕೂ ಹೆಚ್ಚು ಮಕ್ಕಳು ಸತ್ತರು. "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ಹೆಸರಿಟ್ಟುಕೊಂಡೇ ಒಂದು ಚಳವಳಿ ಹುಟ್ಟಿತು. ಅದರ ಮೊದಲ ಅಧ್ಯಕ್ಷೆ ಮಾರ್ತ್ಯೆ ವಾನ್ ಪುಟನ್ ಎಂಬ ಎಳೆಯ ತಾಯಿ. ಅಪಘಾತ ಎನ್ನಲಿಲ್ಲ, ಕೊಲೆ ಎಂದರು. ಆಮೇಲೆ ರಸ್ತೆಗಳು ಬದಲಾದವು. ನಾವು ಇನ್ನೂ "ವಿಧಿ" ಎನ್ನುತ್ತಿದ್ದೇವೆ. ವಿಧಿಯ ಮೇಲೆ ಹಾಕಿದರೆ ಯಾರೂ ರಸ್ತೆ ಸರಿಮಾಡಬೇಕಾಗಿಲ್ಲವಲ್ಲ!

ಈಗ ಲೆಕ್ಕಕ್ಕೆ ಬರೋಣ. ನಾವು ಕೇಳಬೇಕಾದದ್ದು ಬಹಳ ಏನಿಲ್ಲ. ಪ್ರತಿ ಬಡಾವಣೆಯಲ್ಲಿ ಒಂದು ಕೆರೆಯನ್ನು ಆರಿಸಿ, ಅದರ ಸುತ್ತಿನ ರಸ್ತೆಗಳಲ್ಲಿ ನೀರಿನ ಕಡೆಯ ಎರಡು ಮೀಟರನ್ನು ಕಲ್ಲಿಟ್ಟು ಬೇರೆ ಮಾಡಿ. ಬರೀ ಬಣ್ಣ ಬಳಿದರೆ ಅದನ್ನು ಕಾರು ದಾಟುತ್ತದೆ, ಕಲ್ಲನ್ನು ದಾಟುವುದಿಲ್ಲ. ಅಡ್ಡರಸ್ತೆ ಕೂಡುವ ಕಡೆ ಉಬ್ಬು ಹಾಕಿ, ವಾಹನ ನಿಧಾನವಾಗಲಿ. ರಸ್ತೆ ತೀರ ಇಕ್ಕಟ್ಟಾದ ಕಡೆ ಕಾರು ನಿಲ್ಲಿಸುವುದನ್ನು ಬಿಡಿಸಿ, ಸೈಕಲ್ಲನ್ನಲ್ಲ. ಸಂಜೆಗೆ ಬೆಳಕು, ಒಂದು ಶುಚಿಯಾದ ಶೌಚಾಲಯ, ಕೂರಲು ಎರಡು ಬೆಂಚು ಕೊಡಿ. ಶೌಚಾಲಯವಿಲ್ಲದ ಕಡೆ ಹೆಂಗಸರು ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂಬುದು ನಕ್ಷೆ ಬರೆಯುವ ಗಂಡಸರಿಗೆ ಯಾವತ್ತೂ ಹೊಳೆಯುವುದಿಲ್ಲ. ಒಂದು ಸುತ್ತು ಗಟ್ಟಿಯಾಗಿ ನಿಂತ ಮೇಲೆ ಯಡಿಯೂರಿನಿಂದ ಸಾರಕ್ಕಿಗೆ, ಸಾರಕ್ಕಿಯಿಂದ ಪುಟ್ಟೇನಹಳ್ಳಿಗೆ ಅದನ್ನು ಒಳರಸ್ತೆಗಳಲ್ಲಿ ಜೋಡಿಸಬಹುದು. ಜೋಡಿಸಿದ ದಿನ ನಮ್ಮ ಮಕ್ಕಳು ಸ್ಕೂಲಿಗೂ ಅದರಲ್ಲೇ ಹೋಗುತ್ತಾರೆ.

2025ರಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ನಗರಪಾಲಿಕೆಗಳು ಬಂದವು. ಬೋರ್ಡು ಬದಲಾಯಿತು, ಲೆಟರ್‌ಹೆಡ್ಡು ಬದಲಾಯಿತು. ರಸ್ತೆಯ ಅಂಚು ಬದಲಾಗಬೇಕಾದರೆ ನಾವೇ ಹೋಗಿ ಕೇಳಬೇಕು. ವಾರ್ಡಿನಲ್ಲಿ ಮತ ಕೇಳಲು ಬಂದವರಿಗೆ ಕಾಫಿ ಕೊಡಿ, ಕೂರಿಸಿ. ಆಮೇಲೆ ಅವರ ಕೈಗೆ ನಿಮ್ಮ ಮಗುವಿನ ಸೈಕಲ್ ಕೊಟ್ಟು, "ಸ್ವಾಮೀ, ಪಕ್ಕದ ಕೆರೆಗೆ ಒಂದು ಸುತ್ತು ಬಂದುಬಿಡಿ, ಆಮೇಲೆ ಮಾತಾಡೋಣ" ಎನ್ನಿ. ಸುತ್ತು ಮುಗಿಸಿ ಕ್ಷೇಮವಾಗಿ ಬಂದವರಿಗೆ ನಿಮ್ಮ ಮತ ಇರಲಿ. ಅರ್ಧದಿಂದಲೇ ಕಾರು ಕರೆಸಿಕೊಂಡವರಿಗೆ ಉತ್ತರ ಅಲ್ಲೇ ಸಿಕ್ಕಿರುತ್ತದೆ.